ಸಮೀಕರಣವನ್ನು ಬಾಯಿಬಿಟ್ಟು ಓದಿಸಿ

“ಗಣಿತಕ್ಕೆ ಭಾಷೆಯ ಹಂಗಿಲ್ಲ; ಸಮೀಕರಣ ಸರಿಯಾಗಿ ಬರೆದರೆ ಸಾಕು, ಹೇಗೆ ಓದಿದರೂ ನಡೆಯುತ್ತದೆ” ಎಂಬ ಮಾತು ಭೌತವಿಜ್ಞಾನದ ತರಗತಿಗಳಲ್ಲಿ ಆಗಾಗ ಕೇಳಿಬರುತ್ತದೆ. ಮೇಲ್ನೋಟಕ್ಕೆ ಉದಾರವಾಗಿ ಕಾಣುವ ಈ ಮಾತಿನಿಂದ ವಿದ್ಯಾರ್ಥಿಗೆ ಆಗುವುದು ಅನ್ಯಾಯವೇ. ಕ್ವಾಂಟಂ ಭೌತವಿಜ್ಞಾನದಲ್ಲಂತೂ ಸಮೀಕರಣವನ್ನು ತಪ್ಪಾಗಿ ಓದುವವರು ಬಹಳ ಸಲ ಅದನ್ನು ತಪ್ಪಾಗಿಯೇ ತಿಳಿದುಕೊಂಡಿರುತ್ತಾರೆ.

ಗ್ರೀಕ್ ಅಕ್ಷರವೊಂದನ್ನು ‘ಸೈ’ ಎನ್ನಬೇಕೋ ‘ಪ್ಸೈ’ ಎನ್ನಬೇಕೋ ಎಂಬ ಉಚ್ಚಾರಣೆಯ ಜಗಳಕ್ಕೆ ಇಲ್ಲಿ ಬೆಲೆಯಿಲ್ಲ. ಯಾವ ಕ್ರಿಯೆ ಮೊದಲು, ಯಾವುದು ಆಮೇಲೆ, ಯಾವುದು ಯಾವುದರ ಮೇಲೆ ನಡೆಯುತ್ತದೆ ಎಂಬುದಷ್ಟೇ ಮುಖ್ಯ.

ಮ್ಯಾಕ್ಸ್ ಬಾರ್ನ್ 1926ರಲ್ಲಿ ಕೊಟ್ಟ ಸಂಭವನೀಯತೆಯ ನಿಯಮವನ್ನೇ ನೋಡಿ. ಎಷ್ಟೋ ವಿದ್ಯಾರ್ಥಿಗಳು ಅದನ್ನು ‘ಸೈ ಸ್ಕ್ವೇರ್’ ಎಂದು ಓದಿ ಮುಂದೆ ಹೋಗುತ್ತಾರೆ. ಆದರೆ ಸೈ ಸಂಕೀರ್ಣ ಸಂಖ್ಯೆಯಾಗಿರಬಹುದು. ಅದರ ಬೆಲೆ ‘ಐ’ಯ ಅರ್ಧವಾಗಿದ್ದರೆ, ಬರಿಯ ವರ್ಗ ಮೈನಸ್ ಕಾಲು. ಮೈನಸ್ ಸಂಭವನೀಯತೆ ಎಂಬುದು ಎಲ್ಲಿಯಾದರೂ ಉಂಟೇ? ‘ಮಾಡ್ ಸೈ ಸ್ಕ್ವೇರ್ಡ್’ ಎಂದು ಓದಿದವರು ಮೊದಲು ಮಾಡ್ಯುಲಸ್ ತೆಗೆದು ಆಮೇಲೆ ವರ್ಗ ಮಾಡುತ್ತಾರೆ. ಅವರಿಗೆ ಸಿಗುವುದು ಪ್ಲಸ್ ಕಾಲು. ಬಿಟ್ಟುಹೋದ ಒಂದು ‘ಮಾಡ್’ನ ಜೊತೆಗೆ ನಿಯಮದ ಅರ್ಥವೂ ಬಿಟ್ಟುಹೋಗುತ್ತದೆ.

ಇದಕ್ಕಿಂತ ದೊಡ್ಡ ಗೊಂದಲ ಇರುವುದು ಸರಾಸರಿಯಲ್ಲಿ. ಎಲೆಕ್ಟ್ರಾನಿನ ಸ್ಪಿನ್ನನ್ನು ಒಂದು ದಿಕ್ಕಿನಲ್ಲಿ (ಝಡ್ ದಿಕ್ಕಿನದಾದರೆ ಅದು ಎಸ್-ಝಡ್) ಅಳೆದರೆ ಬರುವ ಉತ್ತರ ಎರಡೇ: ಪ್ಲಸ್ ಅರ್ಧ ಎಚ್-ಬಾರ್, ಇಲ್ಲವೇ ಮೈನಸ್ ಅರ್ಧ ಎಚ್-ಬಾರ್. ಎರಡೂ ಸಮಸಮವಾಗಿ ಬರುವ ಸ್ಥಿತಿಯಲ್ಲಿ ಸರಾಸರಿ ಸೊನ್ನೆ, ಆ ಸರಾಸರಿಯ ವರ್ಗವೂ ಸೊನ್ನೆ. ಆದರೆ ಪ್ರತಿ ಉತ್ತರವನ್ನೂ ಮೊದಲು ವರ್ಗ ಮಾಡಿ ಆಮೇಲೆ ಸರಾಸರಿ ತೆಗೆದರೆ ಎಚ್-ಬಾರ್ ವರ್ಗದ ಕಾಲುಭಾಗ ಬರುತ್ತದೆ. ಈ ಎರಡರ ವ್ಯತ್ಯಾಸವೇ ಅಳತೆಗಳ ಹರವನ್ನು ಹೇಳುತ್ತದೆ. ಅನಿಶ್ಚಿತತೆಯ ತತ್ತ್ವ ಮಾತಾಡುವುದು ಈ ಹರವಿನ ಬಗ್ಗೆಯೇ. ಹೀಗಿದ್ದೂ ತರಗತಿಯಲ್ಲಿ ಎರಡನ್ನೂ ‘ಎಕ್ಸ್‌ಪೆಕ್ಟೇಷನ್ ಎಸ್-ಝಡ್ ಸ್ಕ್ವೇರ್’ ಎಂದೇ ಓದುತ್ತಾರೆ! ಒಂದು ‘ದಿ ಎಕ್ಸ್‌ಪೆಕ್ಟೇಷನ್ ವ್ಯಾಲ್ಯೂ ಆಫ್ ಎಸ್-ಝಡ್ ಸ್ಕ್ವೇರ್ಡ್’, ಇನ್ನೊಂದು ‘ದಿ ಸ್ಕ್ವೇರ್ ಆಫ್ ದಿ ಎಕ್ಸ್‌ಪೆಕ್ಟೇಷನ್ ವ್ಯಾಲ್ಯೂ ಆಫ್ ಎಸ್-ಝಡ್’. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯುಸಿಯಲ್ಲಿ ಇಂಗ್ಲಿಷಿಗೆ ಬಂದ ಹುಡುಗಿಗೆ ‘ವರ್ಗದ ಸರಾಸರಿ’, ‘ಸರಾಸರಿಯ ವರ್ಗ’ ಬೇರೆಬೇರೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಕೆಗೆ ಅರ್ಥವಾಗದಿರುವುದು ಭೌತವಿಜ್ಞಾನವಲ್ಲ, ನಾವು ‘ಆಫ್’ ನುಂಗಿ ಆಡುವ ಅರೆಬರೆ ಇಂಗ್ಲಿಷ್.

ಪಾಲ್ ಡಿರಾಕ್ 1939ರಲ್ಲಿ ಬಳಕೆಗೆ ತಂದ ಬ್ರಾ-ಕೆಟ್ ಬರಹದಲ್ಲೂ ಓದುವ ಕ್ರಮವೇ ಅರ್ಥದ ಕ್ರಮ. ಬರೆಯುವಾಗ ಎಡಕ್ಕೆ ಫೈ, ಬಲಕ್ಕೆ ಸೈ. ಆದರೆ ರಿಚರ್ಡ್ ಫೈನ್‌ಮನ್ ತಮ್ಮ ಉಪನ್ಯಾಸಗಳಲ್ಲಿ ಅದನ್ನು ಬಲದಿಂದ ಎಡಕ್ಕೆ ಓದಲು ಕಲಿಸಿದರು: ಆರಂಭ ಬಲಕ್ಕೆ, ಕೊನೆ ಎಡಕ್ಕೆ. ಎರಡನ್ನೂ ಅದಲುಬದಲು ಮಾಡಿದರೆ ಮೊದಲಿನ ಸಂಖ್ಯೆ ಬಾರದು, ಅದರ ಕಾಂಜುಗೇಟ್ ಬರುತ್ತದೆ.

ಇದಕ್ಕೆ ಎದುರಾಗಿ ಗೌರವಕ್ಕೆ ಅರ್ಹವಾದ ವಾದವೊಂದಿದೆ. ಚಿಹ್ನೆಗಳು ಹುಟ್ಟಿದ್ದೇ ಮಾತಿನ ಭಾರ ಇಳಿಸಲು. ರಾಬರ್ಟ್ ರೆಕಾರ್ಡ್ 1557ರಲ್ಲಿ ಸಮ ಚಿಹ್ನೆಯನ್ನು ತಂದದ್ದು ‘ಇದು ಅದಕ್ಕೆ ಸಮ’ ಎಂದು ಮತ್ತೆಮತ್ತೆ ಬರೆಯುವ ಬೇಸರ ತಪ್ಪಿಸಿಕೊಳ್ಳಲು. ಕಣ್ಣಿಗೆಂದು ಮಾಡಿದ್ದನ್ನು ಮತ್ತೆ ಮಾತಿಗೆ ಇಳಿಸುವುದು ಹಿಂದಕ್ಕೆ ನಡೆದಂತಲ್ಲವೇ? ದೊಡ್ಡ ವಿಜ್ಞಾನಿಗಳೂ ಬೋರ್ಡಿನ ಮುಂದೆ ಚುಟುಕಾಗಿಯೇ ಓದುತ್ತಾರಲ್ಲ? ನಿಜ. ಆದರೆ ತಿಳಿದವರು ಮಾತನ್ನು ಮೊಟಕು ಮಾಡುವುದು ತಿಳಿದೇ. ಹೊಸಬರು ಕಲಿಯುವುದು ಆ ಮೊಟಕನ್ನು ಮಾತ್ರ.

ಬೋರ್ಡೇ ಕಾಣದವರ ಗತಿಯೇನು? ಭಾರತದಲ್ಲಿ ಹುಟ್ಟಿ ಬೆಳೆದ, ದೃಷ್ಟಿಯಿಲ್ಲದ ಕಂಪ್ಯೂಟರ್ ವಿಜ್ಞಾನಿ ಟಿ. ವಿ. ರಾಮನ್ 1994ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ.ಗಾಗಿ ರೂಪಿಸಿದ್ದು ಗಣಿತವಿರುವ ಬರಹಗಳನ್ನು ಗಟ್ಟಿಯಾಗಿ ಓದುವ ‘ಆಸ್ಟರ್’ ಎಂಬ ವ್ಯವಸ್ಥೆ. ಆವರಣ ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು, ಘಾತ ಯಾವುದರ ಮೇಲೆ ಕೂತಿದೆ ಎಂಬುದನ್ನು ಕಿವಿಗೆ ಮುಟ್ಟಿಸಲು ಒಂದು ಯಂತ್ರಕ್ಕೆ ಇಷ್ಟು ಶ್ರದ್ಧೆಯಿಂದ ಕಲಿಸಿರುವಾಗ, ಮೇಷ್ಟರು ‘ಹೇಗೆ ಓದಿದರೂ ನಡೆಯುತ್ತದೆ’ ಎನ್ನುವುದು ಹೊಣೆಗೇಡಿತನ.

ಬಿಎಸ್ಸಿ ಪ್ರಾಯೋಗಿಕ ಪರೀಕ್ಷೆಯ ವೈವಾದಲ್ಲಿ ಸೂತ್ರ ಬರೆಸುತ್ತೇವೆ, ವ್ಯಾಖ್ಯೆ ಕೇಳುತ್ತೇವೆ. ಅಧ್ಯಾಪಕರಲ್ಲಿ ನನ್ನ ಬೇಡಿಕೆ ಇಷ್ಟೇ: ಬರೆದದ್ದನ್ನು ಪೂರ್ತಿ ವಾಕ್ಯವಾಗಿ ಓದಿಸಿ, ಅದಕ್ಕೂ ಅಂಕ ಕೊಡಿ. ಅದಕ್ಕೂ ಮೊದಲು, ಬೋರ್ಡಿನ ಮುಂದೆ ನೀವೇ ಒಮ್ಮೆ ಹಾಗೆ ಓದಿ ತೋರಿಸಿ.