ಮನೆ ಬದಲಿಸದೆ ಹೊರನಾಡಿಗರಾದವರು

ಸಾರ್ವಭೌಮತ್ವ, ಸ್ವಾಯತ್ತತೆ ಎಂಬ ಎರಡು ಮಾತುಗಳನ್ನು ಜನ ಒಂದರ ಬದಲು ಇನ್ನೊಂದಾಗಿ ಬಳಸುತ್ತಾರೆ. ಇವೆರಡೂ ಒಂದೆಯೋ ಬೇರೆಯೋ ತಿಳಿಸಬೇಕೆಂದು ವಾಚಕರೊಬ್ಬರು ಕೇಳಿದ್ದಾರೆ. ನಿಘಂಟನ್ನು ತೆರೆದು ಎರಡು ಸಾಲಿನಲ್ಲಿ ಉತ್ತರ ಹೇಳಿಬಿಡಬಹುದು. ಆದರೆ ಹೈದರಾಬಾದಿನ ಕನ್ನಡಿಗರಾದ ನಮಗೆ ನಿಘಂಟಿನ ಹಂಗೇಕೆ? ನಮ್ಮ ಊರಿನ ಚರಿತ್ರೆಯೇ ಸಾಕು.

ನಿಜಾಮರ ಸಂಸ್ಥಾನಕ್ಕೆ ಯಾವುದರ ಕೊರತೆಯಿತ್ತು? ಸ್ವಂತ ನಾಣ್ಯ, ಸ್ವಂತ ಅಂಚೆ, ಸ್ವಂತ ರೈಲು, ಸೈನ್ಯ, ಹೈಕೋರ್ಟು, 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ, ಎಲ್ಲವೂ ಇದ್ದುವು. ಹಾಲಿ ಸಿಕ್ಕಾ ರೂಪಾಯಿಯ ಬೆಲೆ ತುಸು ಕಡಮೆ. ಬ್ರಿಟಿಷರ ಆರು ರೂಪಾಯಿಗೆ ಇಲ್ಲಿಯ ಏಳು. ಆದರೂ ಅದು ನಿಜಾಮರದೇ ಮುದ್ರೆ. ಇಷ್ಟೆಲ್ಲ ವೈಭವದ ನಡುವೆ ಬೇರಾರ ಪ್ರಾಂತ ಮಾತ್ರ 1853ರಿಂದ ಬ್ರಿಟಿಷರ ಆಡಳಿತದಲ್ಲಿತ್ತು. ಅದನ್ನು ಹಿಂದಿರುಗಿಸಬೇಕೆಂದು ನಿಜಾಮರು 1925ರಲ್ಲಿ ಸರಿಸಮಾನರ ಧಾಟಿಯಲ್ಲಿ ಬರೆದರು. 1926ರ ಮಾರ್ಚಿನಲ್ಲಿ ವೈಸರಾಯ್ ಲಾರ್ಡ್ ರೀಡಿಂಗ್ ಕಳುಹಿಸಿದ ಉತ್ತರ ಬಹು ಖಾರವಾಗಿತ್ತು. ಭಾರತದಲ್ಲಿ ಬ್ರಿಟಿಷ್ ಸಿಂಹಾಸನದ ಸಾರ್ವಭೌಮತ್ವವೇ ಮಿಗಿಲಾದುದು, ಯಾವ ಸಂಸ್ಥಾನದ ಅರಸನೂ ಆ ಸರಕಾರದೊಡನೆ ಸಮಾನನೆಂದು ಮಾತಿಗೆ ಕುಳಿತುಕೊಳ್ಳುವಂತಿಲ್ಲ ಎಂಬುದು ಅದರ ತಾತ್ಪರ್ಯ. ನಿಜಾಮರಿಗಿದ್ದುದು ವಿಶಾಲವಾದ ಸ್ವಾಯತ್ತತೆ. ಅದರ ಮೇರೆ ಎಲ್ಲಿಯವರೆಗೆ ಎಂಬುದನ್ನು ಹೇಳುವ ಅಧಿಕಾರ ಇನ್ನೊಬ್ಬರ ಕೈಯಲ್ಲಿತ್ತು. ನಮಗೆ ತಿಳಿದಂತೆ ವ್ಯತ್ಯಾಸದ ತಿರುಳು ಇದೇ.

1947ರಲ್ಲಿ ಬ್ರಿಟಿಷರು ಹೊರಟುನಿಂತಾಗ ನಿಜಾಮರು ತಾವಿನ್ನು ಸ್ವತಂತ್ರ ಸಾರ್ವಭೌಮರಾಗುವೆವೆಂದು ಜೂನ್ ತಿಂಗಳಲ್ಲಿ ಫರ್ಮಾನು ಹೊರಡಿಸಿದರು. 1948ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಸಮಿತಿಗೂ ದೂರು ಹೋಯಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂದಿತು. 17ಕ್ಕೆ ಎಲ್ಲವೂ ಮುಗಿಯಿತು. ಮುಗಿಯಿತೆನ್ನುವುದು ರಾಜಕಾರಣದ ಮಾತು. ಮೊದಲು ರಜಾಕಾರರ ಹಾವಳಿಯಲ್ಲಿ, ಆಮೇಲೆ ಸೇಡಿನಲ್ಲಿ, ಬೀದರ ಗುಲ್ಬರ್ಗ ಕಡೆಯ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಂ ಎರಡೂ ಮನೆಗಳ ಬಡವರು ಪ್ರಾಣ ತೆತ್ತರು.

ಆ ಫರ್ಮಾನಿನಲ್ಲಿ ಸಾರ್ವಭೌಮ ಎಂದರೆ ಒಬ್ಬ ಅರಸ. ಸಂಸ್ಥಾನದ ಬಹುಪಾಲು ಪ್ರಜೆಗಳ ಮನೆಮಾತು ತೆಲುಗು, ಮರಾಠಿ, ಕನ್ನಡ. ರಾಯಚೂರಿನ ರೈತ ಕಚೇರಿಯ ಮೆಟ್ಟಿಲೇರಿದರೆ ಅಲ್ಲಿಯ ಕಾಗದ ಉರ್ದುವಿನಲ್ಲಿ. ಉರ್ದು ಸೊಗಸಾದ ಭಾಷೆ. ನಮ್ಮ ಹಿರಿಯರಲ್ಲಿ ಅನೇಕರು ಅದನ್ನು ಕನ್ನಡದಷ್ಟೇ ಸಲೀಸಾಗಿ ಬರೆಯುತ್ತಿದ್ದರು. ತಕರಾರು ಭಾಷೆಯ ಮೇಲಲ್ಲ, ಕೇಳದೆ ಹೇರಿದ್ದರ ಮೇಲೆ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲಿ ಅದು ವಿಧಿವತ್ತಾಗಿ ಹುಟ್ಟುವ ಮೊದಲೇ ನಿಷೇಧಿಸಲಾಗಿತ್ತು! ಅರಸನು ಸಾರ್ವಭೌಮನಾದ ಮಾತ್ರಕ್ಕೆ ಪ್ರಜೆಗೆ ಸ್ವಾತಂತ್ರ್ಯ ಬಂದೀತೆಂದು ನಂಬಲು ಯಾವ ಆಧಾರವೂ ಇರಲಿಲ್ಲ.

ಇನ್ನು ನಮ್ಮ ಮನೆಗಳ ವಿಷಯ. ಗುಲ್ಬರ್ಗ, ಬೀದರ, ರಾಯಚೂರುಗಳಿಂದ ಓದಿಗೆಂದೋ ನೌಕರಿಗೆಂದೋ ಹೈದರಾಬಾದಿಗೆ ಬಂದು ನೆಲೆಸಿದ ಹಿರಿಯರು ಪರಸ್ಥಳಕ್ಕೆ ಬಂದವರಲ್ಲ. ಇದು ಅವರದೇ ಸಂಸ್ಥಾನದ ರಾಜಧಾನಿ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಕನ್ನಡ ಪ್ರದೇಶ ಮೈಸೂರಿಗೆ, ಮರಾಠವಾಡ ಮುಂಬಯಿಗೆ, ತೆಲಂಗಾಣ ಆಂಧ್ರಕ್ಕೆ ಸೇರಿದುವು. ಏಕೀಕರಣದ ಸಂತೋಷ ನಮ್ಮವರಿಗೂ ಇತ್ತು. ಆದರೆ ರಾತ್ರಿ ಮಲಗಿದ ಮನೆಯಲ್ಲೇ ಬೆಳಿಗ್ಗೆ ಎದ್ದವರು ಹೊರನಾಡ ಕನ್ನಡಿಗರಾಗಿದ್ದರು. 2014ರ ಜೂನ್ 2ರಂದು ಅದೇ ಮನೆ ಆಂಧ್ರಪ್ರದೇಶದಿಂದ ತೆಲಂಗಾಣಕ್ಕೆ ಹೋಯಿತು. ಮೂರು ರಾಜ್ಯ ಕಂಡ ಅಜ್ಜಿಯರು ನಮ್ಮ ಬಳಗದಲ್ಲಿದ್ದಾರೆ. ಅಡುಗೆಮನೆಯ ಒಲೆಯನ್ನೂ ಅತ್ತಿತ್ತ ಸರಿಸಿದವರಲ್ಲ.

ಹೀಗೆ ಗಡಿಗಳು ಎರಡು ಬಾರಿ ಸರಿದರೂ ಅವರ ಪೌರತ್ವಕ್ಕಾಗಲಿ ಮತದಾನದ ಹಕ್ಕಿಗಾಗಲಿ ಕುಂದು ಬರಲಿಲ್ಲ. ಏಕೆಂದರೆ ಸರಿದದ್ದು ಸ್ವಾಯತ್ತತೆಯ ಗಡಿ. ಸಂವಿಧಾನವನ್ನು ಅಂಗೀಕರಿಸಿದವರು ಭಾರತದ ಜನ, ಪೌರತ್ವ ಒಂದೇ, ಎಲ್ಲಿ ಬೇಕಾದರೂ ನೆಲೆಸುವ ಹಕ್ಕು 19ನೆಯ ವಿಧಿಯಲ್ಲಿದೆ. ನಿಜಾಮರ ಫರ್ಮಾನು ನಿಂತಿದ್ದರೆ ಗುಲ್ಬರ್ಗದಿಂದ ಸೊಲ್ಲಾಪುರದ ಬೀಗರ ಮನೆಗೆ ಹೋಗಲು ಪರದೇಶದ ರಹದಾರಿ ಬೇಕಾಗುತ್ತಿತ್ತು.

ರಾಜ್ಯಗಳ ಸ್ವಾಯತ್ತತೆ ಹಾಗಾದರೆ ಪೊಳ್ಳೇ? ಅಲ್ಲ. ಭೂಮಿ, ಪೊಲೀಸು, ಕೃಷಿ ಇವು ರಾಜ್ಯಪಟ್ಟಿಯಲ್ಲಿವೆ. ಆದರೆ 3ನೆಯ ವಿಧಿಯಂತೆ ಸಂಸತ್ತು ರಾಜ್ಯದ ಗಡಿಯನ್ನು ಬದಲಿಸಬಹುದು. ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. 2014ರ ಜನವರಿಯಲ್ಲಿ ಆಂಧ್ರಪ್ರದೇಶದ ವಿಧಾನಸಭೆ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿತು. ಫೆಬ್ರವರಿಯಲ್ಲಿ ಸಂಸತ್ತು ಅದನ್ನು ಅಂಗೀಕರಿಸಿತು. ಈ ಅಧಿಕಾರ ತೀರ ದೊಡ್ಡದೆಂದು ನಮಗೂ ಅನ್ನಿಸುತ್ತದೆ. ಅದೇ ಅಧಿಕಾರದಿಂದಲೇ ಕರ್ನಾಟಕ ಒಂದಾಯಿತೆಂಬುದನ್ನೂ ಮರೆಯುವಂತಿಲ್ಲ.

ನಮ್ಮವರಿಗೆ ನಷ್ಟವೇ ಆಗಲಿಲ್ಲವೆಂದರೆ ಸುಳ್ಳಾದೀತು. ಮೂರು ಜಿಲ್ಲೆಗಳ ಜನಬಲವಿದ್ದ ಕನ್ನಡ ಈ ಊರಿನಲ್ಲಿ ಅಲ್ಪಸಂಖ್ಯಾತರ ನುಡಿಯಾಯಿತು. ಅದಕ್ಕೆಂದೇ 1956ರ 7ನೆಯ ತಿದ್ದುಪಡಿಯಲ್ಲಿ 350ಎ ವಿಧಿಯನ್ನು ಸೇರಿಸಿದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಕಲ್ಪಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಈ ಬಗ್ಗೆ ರಾಜ್ಯಗಳಿಗೆ ನಿರ್ದೇಶನ ಕೊಡುವ ಅಧಿಕಾರ ರಾಷ್ಟ್ರಪತಿಗಳಿಗಿದೆ. ಕನ್ನಡ ತರಗತಿಗಾಗಿ ಬರುವ ವರ್ಷಕ್ಕೆ ಅರ್ಜಿ ಬರೆಯುವ ತಂದೆತಾಯಿಗಳು ಈ ವಿಧಿಯ ಸಂಖ್ಯೆಯನ್ನು ಅರ್ಜಿಯ ಮೊದಲ ಸಾಲಿನಲ್ಲಿಯೇ ಕಾಣಿಸಲಿ.