ಅಜ್ಜನ ಕೈಗೆ ಚೈನ್ ಸಾ ಬಂದಾಗ

ಮಳೆಗಾಲ ಮುಗಿಯುತ್ತಲೇ ಮಲೆನಾಡಿನ ತೋಟಗಳಲ್ಲಿ ಈಗ ಹೊಸದೊಂದು ಸದ್ದು. ಮೊದಲು ಗಾಳಿಗೆ ಬಿದ್ದ ಮರವನ್ನು ತುಂಡು ಮಾಡಲು ಇಬ್ಬರು ಎದುರುಬದುರು ನಿಂತು ಉದ್ದನೆಯ ಗರಗಸ ಎಳೆಯುತ್ತಿದ್ದರು. ಈಗ ಆಳುಗಳು ಸಿಗುವುದಿಲ್ಲ. ಸಿಕ್ಕರೂ ಅವರು ಬರುವ ದಿನ ನಮಗೆ ಬೇಕಾದ ದಿನವಾಗಿರುವುದಿಲ್ಲ. ಹಾಗಾಗಿ ಮನೆಮನೆಗೆ ಚೈನ್ ಸಾ ಬರುತ್ತಿದೆ. ನೌಕರಿ ಮುಗಿಸಿ ಊರು ಸೇರಿದ ನಮ್ಮಂಥ ಅಜ್ಜಂದಿರ ಕೈಗೂ ಬರುತ್ತಿದೆ. ಅಂಗಡಿಯವರು ಹಗ್ಗ ಎಳೆದು ಒಮ್ಮೆ ‘ಗುರ್ರ್’ ಅನ್ನಿಸಿ ತೋರಿಸುತ್ತಾರೆ, ಬಿಲ್ಲು ಕೊಡುತ್ತಾರೆ. ಅಲ್ಲಿಗೆ ಪಾಠ ಮುಗಿಯಿತು!

ಈ ವಾರ ಆ ಪಾಠದ ಉಳಿದ ಭಾಗ. ಇದರಲ್ಲಿ ಮೊಮ್ಮಕ್ಕಳಿಗೂ ಪಾಲಿದೆ. ಆದರೆ ಮೊದಲೇ ಒಂದು ಗೆರೆ ಎಳೆದುಬಿಡುತ್ತೇನೆ. ಇಂಜಿನ್ ನಿಂತು ತಣ್ಣಗಾಗಿದ್ದಾಗ ಮಾಡುವ ಕೆಲಸಕ್ಕೆ ಮಕ್ಕಳು ಜೊತೆ ಕೂರಬಹುದು. ಇಂಜಿನ್ ಶುರುವಾಗುವ ಮೊದಲು ಅವರು ಮನೆಯೊಳಗೆ ಇರಬೇಕು. ‘ಇವತ್ತೊಂದು ದಿನ ನೋಡಲಿ ಬಿಡಿ’ ಎಂಬ ರಿಯಾಯಿತಿ ಈ ಗೆರೆಗಿಲ್ಲ.

ಮಕ್ಕಳೇ, ಈ ಯಂತ್ರದ ಹಲ್ಲುಗಳಿಗೆ ಒಂದು ಹುಳು ಗುರು ಎಂದರೆ ನಂಬುತ್ತೀರಾ? ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಜೋ ಕಾಕ್ಸ್ ಎಂಬಾತ ಕಾಡಿನಲ್ಲಿ ಮರ ಕೊಯ್ಯುತ್ತಿದ್ದ. ಆಗಿನ ಚೈನುಗಳ ಹಲ್ಲು ಕೈಗರಗಸದ ಹಲ್ಲಿನ ಹಾಗೆಯೇ ಇದ್ದವು. ಬೇಗ ಮೊಂಡಾಗುತ್ತಿದ್ದವು, ಅರ ಉಜ್ಜುವುದರಲ್ಲೇ ಹೊತ್ತು ಹೋಗುತ್ತಿತ್ತು. 1946ರಲ್ಲಿ ಒಂದು ದಿನ ಮರದ ಬೊಡ್ಡೆಯಲ್ಲಿ ದಪ್ಪ ಹುಳುವೊಂದು ಮರವನ್ನು ಅಡ್ಡಕ್ಕೂ ಉದ್ದಕ್ಕೂ ಸಲೀಸಾಗಿ ಕೊರೆದುಕೊಂಡು ಹೋಗುವುದನ್ನು ಆತ ಕಂಡ. ಅದು ಒಂದು ಜಾತಿಯ ದುಂಬಿಯ ಮರಿ. ಅದರ ಬಾಯಲ್ಲಿ ಎಡಕ್ಕೊಂದು ಬಲಕ್ಕೊಂದು ಬಾಗಿದ ದವಡೆ. ಅದನ್ನೇ ಉಕ್ಕಿನಲ್ಲಿ ಮಾಡಿದರೆ ಹೇಗೆ ಎಂದು ಯೋಚಿಸಿ, ಮನೆಯ ನೆಲಮಾಳಿಗೆಯಲ್ಲಿ ಕೂತು ಹೊಸ ಚೈನು ಮಾಡಿದ. ಇಂದಿನ ಚೈನು ಬಹುಮಟ್ಟಿಗೆ ಅದರ ವಂಶದ್ದೇ. ಯಂತ್ರ ತಣ್ಣಗಿದ್ದಾಗ ಅಜ್ಜನ ಜೊತೆ ಕೂತು ನೋಡಿ: ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ. ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಗುಬುಟು. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂದು ಹೇಳುವುದು ಆ ಗುಬುಟು.

ಇನ್ನು ಅಜ್ಜಂದಿರಿಗೆ. ಪೂರ್ತಿ ವೇಗದಲ್ಲಿ ಈ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಅಂದರೆ ಗಂಟೆಗೆ 72 ಕಿಲೋಮೀಟರ್, ಹೆದ್ದಾರಿಯ ಬಸ್ಸಿನ ವೇಗ. ಪಟ್ಟಿಯ ಮೇಲ್ಭಾಗದಲ್ಲಿ ಚೈನು ನಮ್ಮಿಂದ ದೂರಕ್ಕೆ ಹೋಗುತ್ತದೆ, ತುದಿಯಲ್ಲಿ ತಿರುಗಿ ಕೆಳಭಾಗದಲ್ಲಿ ನಮ್ಮ ಕಡೆ ಬರುತ್ತದೆ. ತುದಿಯ ಮೇಲಿನ ಕಾಲುಭಾಗ ಇದೆಯಲ್ಲ, ಅದು ಇನ್ನೊಂದು ದಿಮ್ಮಿಗೋ ಕಾಣದ ಕೊಂಬೆಗೋ ತಾಗಿತೆಂದರೆ ಹಲ್ಲು ಅಲ್ಲಿ ಸಿಕ್ಕಿಕೊಂಡು, ಇಡೀ ಪಟ್ಟಿ ಮೇಲಕ್ಕೆದ್ದು ನಮ್ಮ ಮುಖದ ಕಡೆ ಒದೆಯುತ್ತದೆ. ನಾವು ‘ಅಯ್ಯೋ’ ಅನ್ನುವಷ್ಟರಲ್ಲಿ ಆಗಿಹೋಗಿರುತ್ತದೆ. ಎಪ್ಪತ್ತರ ಅಜ್ಜನಿಗಿರಲಿ, ಇಪ್ಪತ್ತರ ಹುಡುಗನಿಗೂ ಆ ವೇಗಕ್ಕೆ ಕೈ ಓಡದು. ಹೊಸಬರಿಗೆ ಇಡೀ ಯಂತ್ರದಲ್ಲಿ ಒಂದೇ ಒಂದು ಜಾಗ ನೆನಪಿರಬೇಕೆಂದರೆ ಅದು ಈ ತುದಿ.

ಅದಕ್ಕೇ ಮುಂದಿನ ಹಿಡಿಯೆದುರು ಒಂದು ಅಡ್ಡ ಕಾಪು ಇಟ್ಟಿದ್ದಾರೆ. ಯಂತ್ರ ಒದ್ದಾಗ ಅದು ಮುಂದಕ್ಕೆ ವಾಲಿ ಚೈನಿಗೆ ಬ್ರೇಕ್ ಬೀಳುತ್ತದೆ. ಪ್ರತಿ ದಿನ ಕೆಲಸಕ್ಕೆ ಮುಂಚೆ ಆ ಬ್ರೇಕ್ ಹಿಡಿಯುತ್ತದೆಯೇ ಎಂದು ನೋಡಿಕೊಳ್ಳಬೇಕು. ಎಡಗೈ ಮುಂದಿನ ಹಿಡಿಗೆ, ಹೆಬ್ಬೆರಳು ಹಿಡಿಯ ಸುತ್ತ ಬಿಗಿಯಾಗಿ. ಬಲಗೈ ಹಿಂದಿನ ಹಿಡಿಗೆ. ಎಡಚರಿಗೂ ಇದೇ ನಿಯಮ, ಏಕೆಂದರೆ ಹೀಗೆ ಹಿಡಿದಾಗ ಮಾತ್ರ ನಮ್ಮ ತಲೆ ಚೈನಿನ ನೇರಕ್ಕೆ ಬಾರದೆ ಪಕ್ಕಕ್ಕಿರುತ್ತದೆ. ಹಿಂದಿನ ಹಿಡಿಯ ಮೇಲೊಂದು ಒತ್ತುಗುಂಡಿ ಇದೆ. ಅಂಗೈ ಅದನ್ನು ಒತ್ತದಿದ್ದರೆ ಕೆಳಗಿನ ಎಕ್ಸಿಲರೇಟರ್ ಕದಲುವುದಿಲ್ಲ. ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಒಬ್ಬನೇ ಬಾಗಿಲು ತೆರೆಯಲಾರ. ಇದೂ ಹಾಗೆಯೇ. ಕೈ ನೋಯುತ್ತದೆಂದು ಆ ಗುಂಡಿಗೆ ದಾರ ಸುತ್ತುವ ಜಾಣರಿದ್ದಾರೆ. ಅವರಿಂದ ಯಂತ್ರ ಕಿತ್ತುಕೊಳ್ಳುವುದೇ ವಾಸಿ.

ಉಡುಪಿನ ವಿಷಯದಲ್ಲಿ ನಾನು ನಿಷ್ಠುರ. ಲುಂಗಿ, ಪಂಚೆ, ಹೆಗಲ ಮೇಲಿನ ಟವೆಲ್, ಹವಾಯಿ ಚಪ್ಪಲಿ, ಇವೆಲ್ಲ ಜಗಲಿಗೆ ಸರಿ. ಇಲ್ಲಿ ಬೇಕಾದದ್ದು ಗಟ್ಟಿ ಬೂಟು, ಹೆಲ್ಮೆಟ್ಟು, ಕಣ್ಣಿಗೆ ಕಾಪು, ಕಿವಿಗೆ ಮುಚ್ಚಳ, ಕೈಗವಸು. ಕಾಲಿಗೆ ಕಟ್ಟಿಕೊಳ್ಳುವ ವಿಶೇಷ ಕಾಪು ಸಿಗುತ್ತದೆ. ಅದರೊಳಗೆ ಪದರ ಪದರವಾಗಿ ಉದ್ದನೆಯ ನೂಲುಗಳಿವೆ. ಚೈನು ತಾಗಿದೊಡನೆ ಆ ನೂಲೆಲ್ಲ ಹೊರಬಂದು ಹಲ್ಲುಚಕ್ರಕ್ಕೆ ಸುತ್ತಿಕೊಂಡು ಚೈನನ್ನು ನಿಲ್ಲಿಸುತ್ತವೆ. ಯಂತ್ರಕ್ಕೆ ದುಡ್ಡು ಕೊಟ್ಟು ಇದಕ್ಕೆ ಚೌಕಾಸಿ ಮಾಡುವುದು ನನಗಂತೂ ಅರ್ಥವಾಗದ ಲೆಕ್ಕ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಯಂತ್ರ ಕೊಳ್ಳುವ ಮುಂಚೆಯೇ ವೈದ್ಯರನ್ನು ಕೇಳಬೇಕು.

ಲೆಕ್ಕ ಎಂದೆನಲ್ಲ, ಮಕ್ಕಳೇ, ಪೆಟ್ರೋಲಿನ ಲೆಕ್ಕ ನಿಮ್ಮದು. ಹೆಚ್ಚಿನ ಯಂತ್ರಗಳಿಗೆ 50 ಪಾಲು ಪೆಟ್ರೋಲಿಗೆ 1 ಪಾಲು ಟೂ-ಸ್ಟ್ರೋಕ್ ಎಣ್ಣೆ. ಒಂದು ಲೀಟರಿಗೆ 20 ಮಿಲಿಲೀಟರ್. ಹಾಗಾದರೆ ಒಂದೂವರೆ ಲೀಟರಿಗೆ? ಯಂತ್ರದ ಪುಸ್ತಕದಲ್ಲಿ 25ಕ್ಕೆ 1 ಎಂದಿದ್ದರೆ? ಉತ್ತರ ಕಾಗದದ ಮೇಲೆ ಬರೆದು ಅಜ್ಜನಿಗೆ ಕೊಡಿ. ಪೆಟ್ರೋಲ್ ಮುಟ್ಟುವುದು ಅಜ್ಜನ ಕೆಲಸ. ಎಣ್ಣೆ ಬೆರೆಸದ ಬರೀ ಪೆಟ್ರೋಲ್ ಹಾಕಿದರೆ ಒಳಗಿನ ಪಿಸ್ಟನ್ ಒಣಗಿ ಹಿಡಿದುಕೊಳ್ಳುತ್ತದೆ, ಯಂತ್ರ ಗುಜರಿಗೆ. ಚೈನಿಗೆ ಜಾರಲು ಬೇರೆಯೇ ಎಣ್ಣೆ, ಬೇರೆಯೇ ಟ್ಯಾಂಕು. ಅದಕ್ಕೆ ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಎಣ್ಣೆ ಹಾಕುವವರಿದ್ದಾರೆ. ಅದು ತೋಟದ ಮಣ್ಣಿಗೂ ನಮ್ಮ ಮೈಗೂ ಎರಚುವ ವಿಷ. ಇಂಜಿನ್ ಬಿಸಿಯಿರುವಾಗ ಪೆಟ್ರೋಲ್ ತುಂಬಬಾರದು, ತುಂಬಿದ ಜಾಗದಿಂದ ಹತ್ತು ಅಡಿಯಾದರೂ ಆಚೆ ಹೋಗಿ ಶುರು ಮಾಡಬೇಕು. ಶುರು ಮಾಡುವಾಗ ಯಂತ್ರ ನೆಲದ ಮೇಲಿರಲಿ, ಬ್ರೇಕ್ ಹಾಕಿರಲಿ, ಹಿಂದಿನ ಹಿಡಿಯೊಳಗೆ ಬಲಗಾಲ ಬೂಟಿನ ತುದಿ ಇರಲಿ. ಒಂದು ಕೈಯಲ್ಲಿ ತೂಗಾಡಿಸಿ ಹಗ್ಗ ಎಳೆಯುವುದು ಸಿನಿಮಾದವರಿಗೆ ಬಿಟ್ಟದ್ದು.

ಬ್ಯಾಟರಿಯ ಚೈನ್ ಸಾ ಹಗುರ, ಪೆಟ್ರೋಲಿನ ರಗಳೆಯಿಲ್ಲ, ಸದ್ದೂ ಕಡಿಮೆ. ಸಣ್ಣ ಕೊಂಬೆಗಳಿಗೆ ಒಳ್ಳೆಯದೇ. ಆದರೆ ಅದೂ ಒದೆಯುತ್ತದೆ. ಚೈನು ಮುಟ್ಟುವ ಮುಂಚೆ ಬ್ಯಾಟರಿ ಕಳಚಿಡಬೇಕು.

ಹೊಸಬರು ಕಲಿಯಬೇಕಾದದ್ದು ನೆಲಕ್ಕೆ ಬಿದ್ದ ದಿಮ್ಮಿಯ ಮೇಲೆ. ಅಲ್ಲೂ ಒಂದು ಸೂಕ್ಷ್ಮವಿದೆ. ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ಎರಡು ಪುಸ್ತಕಗಳ ನಡುವೆ ಸೇತುವೆಯ ಹಾಗಿಟ್ಟು ನಡುವೆ ಒತ್ತಿ. ಮೇಲ್ಭಾಗ ಮುದುಡುತ್ತದೆ, ಕೆಳಭಾಗ ಹಿಗ್ಗುತ್ತದೆ. ಎರಡೂ ತುದಿಗೆ ಆಸರೆಯಿರುವ ದಿಮ್ಮಿಯೂ ಹೀಗೆಯೇ. ಮೇಲಿನಿಂದಲೇ ಪೂರ್ತಿ ಕೊಯ್ಯಲು ಹೋದರೆ ಬಾಯಿ ಮುಚ್ಚಿಕೊಂಡು ಪಟ್ಟಿಯನ್ನು ಕಚ್ಚಿ ಹಿಡಿಯುತ್ತದೆ. ಮೇಲಿನಿಂದ ಮೂರನೇ ಒಂದು ಪಾಲು ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಕೊಯ್ಯಬೇಕು. ಈಗ ಸ್ಪಂಜಿನ ಒಂದೇ ತುದಿಯನ್ನು ಪುಸ್ತಕದ ಮೇಲೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಬಗ್ಗಿಸಿ. ಎಲ್ಲ ತಿರುಗುಮುರುಗು! ಒಂದೇ ಕಡೆ ಆಸರೆಯಿರುವ ಕೊಂಬೆಯನ್ನು ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ. ಕೆಳಗಿನಿಂದ ಕೊಯ್ಯುವಾಗ ಯಂತ್ರ ನಮ್ಮ ಕಡೆಗೆ ತಳ್ಳುತ್ತದೆ, ಕಾಲೂರಿ ನಿಂತಿರಬೇಕು. ಇಳಿಜಾರಿನಲ್ಲಿ ದಿಮ್ಮಿಯ ಮೇಲಿನ ಬದಿಯಲ್ಲಿ ನಿಲ್ಲಬೇಕು, ದಿಮ್ಮಿ ಉರುಳುವುದು ಕೆಳಕ್ಕೆ ತಾನೇ?

ಬೇರುಸಹಿತ ಬಿದ್ದ ಮರದ ಮಾತು ಬೇರೆ. ಬುಡದ ಮಣ್ಣು ಗೋಡೆಯ ಹಾಗೆ ಎದ್ದು ನಿಂತು, ಅದರಡಿ ದೊಡ್ಡ ಹೊಂಡವಾಗಿರುತ್ತದೆ. ಮಕ್ಕಳಿಗೆ ಆ ಹೊಂಡ ಗುಹೆಯಂತೆ, ಕಣ್ಣಾಮುಚ್ಚಾಲೆಗೆ ಹೇಳಿಮಾಡಿಸಿದ ಜಾಗ. ಕಾಂಡವನ್ನು ಕೊಯ್ದು ಭಾರ ಕಳಚಿದ ಕ್ಷಣ ಆ ಬುಡ ಮತ್ತೆ ಧೊಪ್ಪನೆ ಹೊಂಡಕ್ಕೆ ಕೂರಬಹುದು. ಮಕ್ಕಳೇ, ಅಂಥ ಹೊಂಡಕ್ಕೆ ಇಳಿಯಲೇಬೇಡಿ, ಯಂತ್ರದ ಸದ್ದು ಇಲ್ಲದ ದಿನವೂ. ಅಜ್ಜಂದಿರೇ, ಅಂಥ ಮರ ನಿಮ್ಮದಲ್ಲ, ಅನುಭವಿಗಳದ್ದು. ನಿಂತ ಮರ ಉರುಳಿಸುವುದೂ ಅವರದ್ದೇ. ಅವರು ಮರ ಕಡಿಯುವಾಗ ಮನೆಮಂದಿ ಮರದ ಎತ್ತರದ ಎರಡರಷ್ಟಾದರೂ ದೂರವಿರಬೇಕು. ಮರ ನಮ್ಮ ಜಾಗದ್ದೇ ಆದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಇದೆ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವನ್ನು ಬಿಟ್ಟರೆ ಕಡಿಯಲು ಅನುಮತಿ ಬೇಕು, ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ವಿದ್ಯುತ್ ತಂತಿಯ ಮೇಲೆ ಬಿದ್ದ ಮರಕ್ಕೆ ಕೈ ಹಚ್ಚದೆ 1912ಕ್ಕೆ ಫೋನ್ ಮಾಡಿ. ಏಣಿ ಹತ್ತಿ ಚೈನ್ ಸಾ ಹಿಡಿಯುವುದು, ಹೆಗಲಿಗಿಂತ ಎತ್ತರಕ್ಕೆ ಎತ್ತುವುದು, ಎರಡೂ ಇಲ್ಲ.

ಕಿವಿ ಮುಚ್ಚಿಕೊಂಡ ಅಜ್ಜನಿಗೆ ಅಜ್ಜಿಯ ಕೂಗು ಕೇಳಿಸದು. ಕಾಫಿಗೆ ಕರೆಯಬೇಕಾದರೆ ಹಿಂದಿನಿಂದ ಹೋಗಿ ಭುಜ ತಟ್ಟಬೇಡಿ. ಎದುರಿಗೆ, ದೂರದಲ್ಲಿ ನಿಂತು ಕೈಯೆತ್ತಿ. ಇಂಜಿನ್ ನಿಂತ ಮೇಲೆಯೇ ಹತ್ತಿರ ಬನ್ನಿ. ಹಾಗೆಯೇ ಮನೆಯಲ್ಲಿ ದೊಡ್ಡವರು ಯಾರೂ ಇಲ್ಲದಾಗ ಅಜ್ಜ ಯಂತ್ರ ಎತ್ತಬಾರದು. ಇದನ್ನು ನೋಡಿಕೊಳ್ಳುವ ಅಧಿಕಾರ ಅಜ್ಜಿಗೆ.

ಕೊನೆಗೆ ನನಗೆ ತುಂಬ ಇಷ್ಟದ ಭಾಗ, ಅರ ಉಜ್ಜುವುದು. ಹರಿತವಾದ ಚೈನು ಮರದಿಂದ ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ. ಗೋಧಿಹಿಟ್ಟಿನಂಥ ಹುಡಿ ಬಂದರೆ ಹಲ್ಲು ಮೊಂಡಾಗಿದೆ ಎಂದರ್ಥ. ಮೊಂಡು ಚೈನನ್ನು ಒತ್ತಿ ಕೊಯ್ಯಬೇಕು, ಒತ್ತಿದಷ್ಟೂ ದಣಿವು, ದಣಿದಷ್ಟೂ ಕೈ ತಪ್ಪುತ್ತದೆ. ಒಮ್ಮೆ ಮಣ್ಣಿಗೆ ತಾಗಿದರೂ ಸಾಕು, ಹರಿತ ಹೋಯಿತು. ತೋಟದ ಮರಗಳಲ್ಲಿ ಹಳೆಯ ಬೇಲಿತಂತಿ, ಮೊಳೆ ಹೂತುಹೋಗಿರುವುದೂ ಉಂಟು. ತೆಂಗಿನ ಕಾಂಡದ ಹೊರಸುತ್ತು ಬೇರೆ ಬಲು ಗಟ್ಟಿ.

ಚೈನಿನ ಅಳತೆಗೆ ತಕ್ಕ ದುಂಡನೆಯ ಅರ ಬೇಕು. 4 ಮಿಲಿಮೀಟರ್, 4.8 ಮಿಲಿಮೀಟರ್ ಹೀಗೆ, ಪುಸ್ತಕದಲ್ಲಿ ಬರೆದಿರುತ್ತದೆ. ಇಂಗ್ಲಿಷ್ ಪುಸ್ತಕವಾದರೆ ಓದಿ ಹೇಳುವುದು ಮೊಮ್ಮಗಳ ಕೆಲಸ. ಕೈಗವಸು ಹಾಕಿಕೊಂಡು, ಹಲ್ಲಿನ ಒಳಬದಿಯಿಂದ ಹೊರಬದಿಗೆ, ಸಾಮಾನ್ಯವಾಗಿ 30 ಡಿಗ್ರಿ ಓರೆಯಲ್ಲಿ ಅರ ತಳ್ಳಬೇಕು. ತಳ್ಳುವುದಷ್ಟೇ, ಹಿಂದಕ್ಕೆ ಉಜ್ಜುವುದಿಲ್ಲ. ಮೊದಲ ಹಲ್ಲಿಗೆ ಪೆನ್ನಿನಲ್ಲಿ ಗುರುತು ಹಾಕಿ, ಒಂದು ಬದಿಯ ಹಲ್ಲೆಲ್ಲ ಮುಗಿಸಿ, ಆಮೇಲೆ ಇನ್ನೊಂದು ಬದಿ. ಒಂದು ಹಲ್ಲಿಗೆ ನಾಲ್ಕು ತಳ್ಳು ಎಂದಾದರೆ ಎಲ್ಲಕ್ಕೂ ನಾಲ್ಕೇ. ಎಡಕ್ಕೆ ಹೆಚ್ಚು ಬಲಕ್ಕೆ ಕಡಿಮೆಯಾದರೆ ಕೊಯ್ತ ಸೊಟ್ಟ ಹೋಗುತ್ತದೆ. ಅಜ್ಜ ತಳ್ಳಲಿ, ಮೊಮ್ಮಗ ಎರಡು ಅಡಿ ದೂರ ಕೂತು ಎಣಿಸಲಿ. ಗುಬುಟನ್ನು ಮಾತ್ರ ಅಳತೆಯ ಪಟ್ಟಿಯಿಲ್ಲದೆ ಉಜ್ಜಬಾರದು. ಅದು ಹೆಚ್ಚು ತಗ್ಗಿದರೆ ಹಲ್ಲು ಆಳಕ್ಕೆ ಕಚ್ಚಿ, ಯಂತ್ರ ಇನ್ನಷ್ಟು ಒದೆಯುತ್ತದೆ.

ಚೈನಿನ ಬಿಗಿ ನೋಡುವುದು ತಣ್ಣಗಿದ್ದಾಗ. ಪಟ್ಟಿಯ ಕೆಳಗೆ ಜೋತುಬೀಳಬಾರದು, ಕೈಗವಸಿನಿಂದ ಎಳೆದರೆ ಸರಾಗ ಸುತ್ತಬೇಕು. ಹೊಸ ಚೈನು ಹಿಗ್ಗುತ್ತದೆ, ಆಗಾಗ ನೋಡುತ್ತಿರಬೇಕು. ಬಿಸಿಯಲ್ಲಿ ಬಿಗಿ ಮಾಡಿದ್ದರೆ ಕೆಲಸ ಮುಗಿದ ಮೇಲೆ ಸಡಿಲಿಸಿ, ತಣ್ಣಗಾದಾಗ ಅದು ಕುಗ್ಗುತ್ತದೆ. ಗಾಳಿ ಸೋಸುವ ಫಿಲ್ಟರಿನ ಹುಡಿ ಕೊಡವಿ, ಪಟ್ಟಿಯ ಸಂದಿನ ಎಣ್ಣೆಜಿಡ್ಡು ಕೆರೆದು, ಆಗಾಗ ಪಟ್ಟಿಯನ್ನು ಮಗುಚಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ. ತಿಂಗಳುಗಟ್ಟಲೆ ಬಳಸುವುದಿಲ್ಲವೆಂದಾದರೆ ಪೆಟ್ರೋಲ್ ಖಾಲಿ ಮಾಡಿ, ಪಟ್ಟಿಗೆ ಕವಚ ಹಾಕಿ, ಬೀಗವಿರುವ ಕೋಣೆಯಲ್ಲಿಡಿ. ಬೀಗದ ಕೈ ಎಲ್ಲಿದೆಯೆಂದು ಮಕ್ಕಳಿಗೆ ಗೊತ್ತಿರಬಾರದು.

ಲೆಕ್ಕದ ಉತ್ತರ: 30 ಮಿಲಿಲೀಟರ್, 25ಕ್ಕೆ 1 ಆದರೆ 60.