ಉಮ್ಮಂದಿರ ಬೆರಳಿನ ಜೋಮು ವಯಸ್ಸಿನ ನೋವಲ್ಲ

ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಪೇಟೆ. ಅಲ್ಲಿನ ತಂಬಾಕು ಕಾರ್ಖಾನೆಗಳಲ್ಲಿ ಹೆಂಗಸರು ಗಂಟೆಗಟ್ಟಲೆ ನೆಲದ ಮೇಲೆ ಕೂತು ದುಡಿದವರು. ಅದೇ ಜಿಲ್ಲೆಯ ಕೃಷ್ಣಾ ತೀರದ ಕುಡಚಿ ಕಡೆ ಕಬ್ಬಿನ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಾರೆ. ಇಲ್ಲಿ ಕರಾವಳಿಯಲ್ಲಿ ನಮ್ಮ ಉಮ್ಮಂದಿರು ಗೆರಸೆ ಮಡಿಲಲ್ಲಿಟ್ಟು ಕಾಲು ಮಡಚಿ ಬೀಡಿ ಕಟ್ಟುತ್ತಾರೆ. ಊರು, ಭಾಷೆ ಬೇರೆಯಾದರೂ ಶರೀರ ಒಂದೇ.

ಮಣಿಕಟ್ಟು ಬಗ್ಗಿಸಿ ಬೆರಳುಗಳನ್ನು ಒಂದೇ ಸಮ ಆಡಿಸಿದರೆ ಅಲ್ಲಿ ಹಾದುಹೋಗುವ ನರ ಅದುಮಿಕೊಳ್ಳುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜುಮುಗುಟ್ಟುತ್ತವೆ; ಕೈ ಕೊಡವಿದರೆ ಸ್ವಲ್ಪ ಆರಾಮ. ಇದು ಕಾರ್ಪಲ್ ಟನಲ್ ಸಿಂಡ್ರೋಮ್. ಮೊಣಕಾಲಿನ ಹೊರಬದಿಯಲ್ಲಿ, ಚರ್ಮದ ಕೆಳಗೇ ಇರುವ ಇನ್ನೊಂದು ನರ ಕಾಲು ಮಡಚಿ ಕೂತಾಗ ಒತ್ತಿಹೋಗುತ್ತದೆ. ಆಗ ಪಾದ ಮೇಲೆತ್ತಲು ಬರುವುದಿಲ್ಲ, ಚಪ್ಪಲಿ ಜಾರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಬೇಗ ತೋರಿಸಿದರೆ ವಿಶ್ರಾಂತಿ, ರಾತ್ರಿ ಮಣಿಕಟ್ಟಿಗೆ ಕಟ್ಟುವ ಪಟ್ಟಿ ಸಾಕಾಗಬಹುದು. ತಡವಾದರೆ ಹೆಬ್ಬೆರಳ ಬುಡದ ಮಾಂಸ ಕರಗುತ್ತದೆ. ಆಪರೇಷನ್ ಮಾಡಿಸಿದರೂ ಹೋದ ಬಲ ಪೂರ್ತಿ ಬರುತ್ತದೆಂಬ ಭರವಸೆ ಇಲ್ಲ.

ನಾವೇನು ಮಾಡುತ್ತಿದ್ದೇವೆ? "ವಯಸ್ಸಾಯ್ತಲ್ಲ" ಅಂತ ಎಣ್ಣೆ ಹಚ್ಚುತ್ತೇವೆ. "ಮನೆಯಲ್ಲಿ ಕೂತು ಮಾಡೋ ಕೆಲಸ ತಾನೇ" ಅಂತಲೂ ಹೇಳುತ್ತೇವೆ. ಆ ಕೂತು ಮಾಡೋ ಕೆಲಸದಿಂದಲೇ ನಮ್ಮಲ್ಲಿ ಎಷ್ಟೋ ಮಕ್ಕಳ ಫೀಸು ಕಟ್ಟಿದ್ದು, ಹೆಣ್ಣುಮಕ್ಕಳ ನಿಕಾಹ್ ನಡೆದದ್ದು. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಹತ್ತು ನಿಮಿಷ ಎದ್ದರೆ ಅಷ್ಟು ಬೀಡಿ ಕಮ್ಮಿ. ಅದಕ್ಕೇ ಯಾರೂ ಏಳುವುದಿಲ್ಲ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2010ರ ಪಟ್ಟಿಯಲ್ಲಿ ಕಾರ್ಪಲ್ ಟನಲನ್ನು ಕಸುಬಿನ ಕಾಯಿಲೆ ಎಂದು ಸೇರಿಸಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯ ರೋಗಗಳ ಪಟ್ಟಿಯಲ್ಲಿ ಸೀಸದ ವಿಷ, ಸಿಲಿಕೋಸಿಸ್ ಇದ್ದವು, ಇದು ಇರಲಿಲ್ಲ. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. ಕಾರ್ಮಿಕರೆಂದು ಒಪ್ಪಿದ ಮೇಲೆ ಅವರ ನೋವನ್ನೂ ಕೆಲಸದ ನೋವು ಎಂದು ಒಪ್ಪಬೇಡವೇ?

ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರು ಸಂಘ ಕಟ್ಟಿ ಮುಷ್ಕರ ಹೂಡಿದ್ದರು. ಯುಗಾಂತರ್ ತಂಡ 1982ರಲ್ಲಿ ಅದನ್ನು ಸಾಕ್ಷ್ಯಚಿತ್ರ ಮಾಡಿತು. ಅವರು ಒಟ್ಟಾಗಿ ಬಾಯಿ ಬಿಟ್ಟದ್ದರಿಂದಲೇ ಆ ಕಷ್ಟ ಹೊರಗೆ ಬಂತು. ನಮ್ಮ ಹೆಂಗಸರು ಒಬ್ಬೊಬ್ಬರೇ ಅಂಗಳದಲ್ಲಿ ಕೂತಿದ್ದಾರೆ. ಅವರ ಪರವಾಗಿ ಜಮಾಅತ್‌ಗಳು ಮಾತಾಡಬೇಕು. ರಕ್ತದಾನ ಶಿಬಿರ ಮಾಡುವ ನಮ್ಮ ಸಂಘಟನೆಗಳು ವರ್ಷಕ್ಕೊಮ್ಮೆ ಬೀಡಿ ಕಟ್ಟುವವರ ಕೈಕಾಲಿನ ನರ ತಪಾಸಣೆಗೂ ಶಿಬಿರ ಇಡಲಿ. ಕೂಲಿಯ ಮಾತುಕತೆಯಲ್ಲಿ ಚಿಕಿತ್ಸೆಯ ಖರ್ಚೂ ಬರಲಿ.

ಮನೆಯಲ್ಲಿ ಇವತ್ತೇ ಆಗುವ ಕೆಲಸವೂ ಇದೆ. ಉಮ್ಮನಿಗೆ ಬೆನ್ನು ಒರಗಿಸಲು ಗೋಡೆ ಬದಿ ಜಾಗ, ಗೆರಸೆ ಇಡಲು ಸಣ್ಣ ಮಣೆ ಕೊಡಿ. ಅರ್ಧ ಗಂಟೆಗೊಮ್ಮೆ ಕಾಲು ಚಾಚಿ ಎದ್ದು ನಡೆಯಲು ಹೇಳಿ. ಹಾಗೆ ಎದ್ದಾಗ ಕಮ್ಮಿಯಾಗುವ ಬೀಡಿಯ ದುಡ್ಡನ್ನು ದುಡಿಯುವ ಮಕ್ಕಳು ತುಂಬಿಕೊಡಲಿ.